ಡಿಕ್ರಿ ಬಂದ ಮೇಲೂ ಮುಗಿಯದ ಪ್ರಕರಣ: ವಿಚ್ಛೇದನ, ಮಕ್ಕಳು ಮತ್ತು ಕಾನೂನು

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಪರೂಪಕ್ಕೆ ಮಾಡುವ ಕೆಲಸವೊಂದನ್ನು ಮಾಡಿತು. ಕೇರಳದ ಬಾಲಕನೊಬ್ಬನನ್ನು ತಂದೆಯ ಸುಪರ್ದಿಗೆ ಕೊಡಬೇಕು ಎಂಬ ಆದೇಶವನ್ನು 2024ರ ಆಗಸ್ಟ್‌ನಲ್ಲಿ ತಾನೇ ಎತ್ತಿಹಿಡಿದಿತ್ತು. ಒಂದು ವರ್ಷ ತುಂಬುವ ಮೊದಲೇ ಮರುಪರಿಶೀಲನಾ ಅರ್ಜಿಯಲ್ಲಿ ಅದನ್ನು ಬದಲಿಸಿ, ಹುಡುಗ ತಾಯಿಯ ಬಳಿಯೇ ಇರಲಿ ಎಂದಿತು. ತಾಯಿ ಮರುಮದುವೆಯಾಗಿದ್ದರು. ಆ ಮನೆಯನ್ನೇ ಹುಡುಗ ತನ್ನ ಮನೆ ಎಂದುಕೊಂಡು ಬೆಳೆದಿದ್ದ. ಹಿಂದಿನ ಆದೇಶ ಬಂದ ಮೇಲೆ ಅವನಲ್ಲಿ ತೀವ್ರ ಆತಂಕ, ಅಗಲಿಕೆಯ ಭಯ ಕಾಣಿಸಿಕೊಂಡಿದೆ ಎಂಬ ಮನೋವೈದ್ಯಕೀಯ ವರದಿ ನ್ಯಾಯಾಲಯದ ಮುಂದಿತ್ತು. ತೀರ್ಪು ತಿರುಗಿದ್ದು ಆ ವರದಿಯ ಬಲದಿಂದ. ತಂದೆಯಲ್ಲಿ ಹೊಸದಾಗಿ ಯಾವ ದೋಷವೂ ಸಿಕ್ಕಿರಲಿಲ್ಲ.

ಬೇರೆಯಾಗಲು ಹೊರಟ ಗಂಡ ಹೆಂಡತಿ ಈ ಒಂದು ಪ್ರಕರಣವನ್ನು ನಿಧಾನವಾಗಿ ಓದಿಕೊಂಡರೆ ಸಾಕು, ನಮ್ಮ ಕೌಟುಂಬಿಕ ಕಾನೂನಿನ ಅರ್ಧ ಭಾಗ ಅರ್ಥವಾಗುತ್ತದೆ. ದಾಂಪತ್ಯವನ್ನು ಮುಗಿಸುವ ಡಿಕ್ರಿಗೆ, ಅಂದರೆ ವಿಚ್ಛೇದನದ ತೀರ್ಪಿಗೆ, ಒಂದು ಕೊನೆಯ ಪುಟ ಇದೆ. ಮಗುವಿನ ಕುರಿತ ಆದೇಶಕ್ಕೆ ಅದಿಲ್ಲ. ಪರಿಸ್ಥಿತಿ ಬದಲಾದರೆ ಅಪ್ಪನೋ ಅಮ್ಮನೋ ಮತ್ತೆ ನ್ಯಾಯಾಲಯಕ್ಕೆ ಹೋಗಬಹುದು, ಆದೇಶವೂ ಬದಲಾಗಬಹುದು. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಇದನ್ನು ಬಿಡಿಸಿಯೇ ಹೇಳುತ್ತದೆ: ಮಕ್ಕಳ ಸುಪರ್ದಿ, ಪೋಷಣೆ, ಶಿಕ್ಷಣದ ಬಗ್ಗೆ ನ್ಯಾಯಾಲಯ ಮಧ್ಯಂತರ ಆದೇಶ ಕೊಡಬಹುದು, ಡಿಕ್ರಿಯಲ್ಲಿ ಸೇರಿಸಬಹುದು, ಡಿಕ್ರಿಯ ನಂತರವೂ ಮಾರ್ಪಡಿಸಬಹುದು ಅಥವಾ ರದ್ದು ಮಾಡಬಹುದು. ಆದ್ದರಿಂದ "ಕಸ್ಟಡಿ ಗೆದ್ದೆವು" ಎನ್ನುವ ಮಾತಿಗೆ ಕಾನೂನಿನಲ್ಲಿ ಅಷ್ಟೇನೂ ತೂಕವಿಲ್ಲ. ವಕೀಲರ ಕಚೇರಿಯ ಮೊದಲ ಭೇಟಿಯಲ್ಲೇ ಇದನ್ನು ಹೇಳಿಬಿಟ್ಟರೆ ಎಷ್ಟೋ ಅರ್ಜಿಗಳ ದನಿಯೇ ಬೇರೆಯಾಗುತ್ತಿತ್ತು.

ಯಾವ ಕಾನೂನು ಯಾರಿಗೆ ಎಂಬುದನ್ನು ಚುಟುಕಾಗಿ ನೋಡಿಬಿಡೋಣ. ಹಿಂದೂ, ಬೌದ್ಧ, ಜೈನ, ಸಿಖ್ ದಂಪತಿಗೆ 1955ರ ಹಿಂದೂ ವಿವಾಹ ಕಾಯ್ದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ರಿಜಿಸ್ಟ್ರಾರ್ ಮುಂದೆ ವಿಶೇಷ ವಿವಾಹವಾದವರಿಗೆ 1954ರ ಕಾಯ್ದೆ. ಮುಸ್ಲಿಮರಿಗೆ ವೈಯಕ್ತಿಕ ಕಾನೂನು ಮತ್ತು ಅದಕ್ಕೆ ಹೊಂದಿಕೊಂಡ ಕೆಲವು ಶಾಸನಗಳು. ಮದುವೆಯನ್ನು ಮುರಿಯುವ ದಾರಿಗಳು ಹೀಗೆ ಬೇರೆ ಬೇರೆ. ಮಗುವಿನ ವಿಷಯಕ್ಕೆ ಬಂದರೆ ಬ್ರಿಟಿಷರ ಕಾಲದ ಒಂದು ಶಾಸನ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಹಿಂದೂಗಳಿಗೆ ಅದರ ಜೊತೆಗೆ 1956ರ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯೂ ಇದೆ. ಈ ಎಲ್ಲ ಶಾಸನಗಳ ಅಡಿಯಲ್ಲಿ ನ್ಯಾಯಾಲಯಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಅಳತೆಗೋಲಿಗೆ: ಮಗುವಿನ ಕ್ಷೇಮ.

ಕ್ಷೇಮ ಎಂದರೆ ಏನು? ಹಣವೆಂದು ತಿಳಿಯುವವರೇ ಹೆಚ್ಚು. "ನನ್ನ ಸಂಬಳ ಅವಳಿಗಿಂತ ಮೂರು ಪಟ್ಟು, ಸ್ವಂತ ಮನೆ ಇದೆ, ಮಗು ನನಗೇ ಸಿಗುತ್ತದೆ" ಎಂಬ ಲೆಕ್ಕಾಚಾರ ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸಂಬಳದ ವ್ಯತ್ಯಾಸವನ್ನು ಜೀವನಾಂಶದ ಮೂಲಕ ಸರಿದೂಗಿಸಬಹುದು, ಮಗುವನ್ನು ಎತ್ತಿ ಇನ್ನೊಂದು ಮನೆಯಲ್ಲಿಡಲು ಅದು ಕಾರಣವಾಗದು. ಇಷ್ಟು ದಿನ ಮಗುವನ್ನು ನಿಜವಾಗಿ ನೋಡಿಕೊಂಡವರು ಯಾರು, ಯಾವ ಶಾಲೆಗೆ ಹೋಗುತ್ತಿದೆ, ಯಾರ ಜೊತೆ ಮಲಗುತ್ತದೆ, ಜ್ವರ ಬಂದಾಗ ರಜೆ ಹಾಕುವವರು ಯಾರು, ಮನೆಯಲ್ಲಿ ಅಜ್ಜ ಅಜ್ಜಿ ಇದ್ದಾರೆಯೇ, ಮತ್ತೊಬ್ಬ ಪೋಷಕರ ಬಗ್ಗೆ ಮಗುವಿನ ಕಿವಿಯಲ್ಲಿ ಏನು ಬೀಳುತ್ತಿದೆ, ಇವನ್ನೆಲ್ಲ ನ್ಯಾಯಾಧೀಶರು ನೋಡುತ್ತಾರೆ. ವ್ಯಭಿಚಾರವೋ ಕ್ರೌರ್ಯವೋ ಸಾಬೀತಾಗಿ ವಿಚ್ಛೇದನ ಸಿಕ್ಕಿತೆಂದರೆ ಸುಪರ್ದಿಯೂ ತಾನಾಗಿ ಸಿಕ್ಕಿತೆಂದು ಅರ್ಥವಲ್ಲ. ಕೆಟ್ಟ ಗಂಡ ಒಳ್ಳೆಯ ಅಪ್ಪನಾಗಿರಬಹುದು, ಹೆಂಡತಿಯಾಗಿ ಸೋತವಳು ತಾಯಿಯಾಗಿ ಚೆನ್ನಾಗಿಯೇ ಇರಬಹುದು ಎಂಬುದನ್ನು ಕಾನೂನು ಒಪ್ಪುತ್ತದೆ. ಒಪ್ಪಿಕೊಳ್ಳಲು ಕಷ್ಟಪಡುವವರು ಕಕ್ಷಿದಾರರು, ಅವರಿಗಿಂತ ಹೆಚ್ಚಾಗಿ ಅವರ ತವರಿನವರು.

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ 1956ರ ಕಾಯ್ದೆಯ 6ನೇ ಸೆಕ್ಷನ್. ಅದೇ ಸೆಕ್ಷನ್ ಸಹಜ ಪಾಲಕರ ಪಟ್ಟಿಯಲ್ಲಿ ಮೊದಲು ತಂದೆಯನ್ನೂ ಆಮೇಲೆ ತಾಯಿಯನ್ನೂ ಹೆಸರಿಸುತ್ತದೆ. ಈ ತಾರತಮ್ಯವನ್ನು ಲೇಖಕಿ ಗೀತಾ ಹರಿಹರನ್ ಪ್ರಶ್ನಿಸಿದ್ದರು. ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕ್ ಬಾಂಡ್ ಕೊಳ್ಳಲು ಹೋದಾಗ ತಂದೆಯ ಸಹಿ ಬೇಕೆಂದದ್ದು ಅದಕ್ಕೆ ಕಾರಣ. ತಂದೆ ಬದುಕಿದ್ದರೂ ಮಗುವಿನ ಹೊಣೆಯಿಂದ ದೂರವಿದ್ದರೆ ತಾಯಿಯೇ ಸಹಜ ಪಾಲಕಿಯಾಗಬಲ್ಲಳು ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶಾಸನದ ಅಕ್ಷರಗಳು ಮಾತ್ರ ಇಂದಿಗೂ ಹಾಗೆಯೇ ಇವೆ.

ಇಲ್ಲಿ ಸುಪರ್ದಿ ಮತ್ತು ಪಾಲಕತ್ವ ಎರಡು ಬೇರೆ ಸಂಗತಿಗಳೆಂಬುದನ್ನು ಗಮನಿಸಬೇಕು. ಮಗು ದಿನನಿತ್ಯ ಯಾರ ಮನೆಯಲ್ಲಿರುತ್ತದೆ ಎಂಬುದು ಸುಪರ್ದಿ. ಮಗುವಿನ ಆಸ್ತಿ, ದೊಡ್ಡ ಚಿಕಿತ್ಸೆ, ಕಾನೂನು ವ್ಯವಹಾರಗಳಲ್ಲಿ ಅದರ ಪರವಾಗಿ ನಿಲ್ಲುವ ಅಧಿಕಾರ ಪಾಲಕತ್ವ. ಮುಸ್ಲಿಂ ಕಾನೂನಿನಲ್ಲಿ ಈ ಭೇದ ಇನ್ನೂ ಸ್ಪಷ್ಟ. ಸುನ್ನಿಗಳ ಹನಫಿ ಪದ್ಧತಿಯಂತೆ ಗಂಡು ಮಗುವಿಗೆ ಏಳು ವರ್ಷವಾಗುವವರೆಗೆ, ಹೆಣ್ಣು ಮಗು ಋತುಮತಿಯಾಗುವವರೆಗೆ ಸುಪರ್ದಿ ತಾಯಿಯದು, ಪಾಲಕತ್ವ ತಂದೆಯದು. ಬೇರೆಯಾಗುವ ದಂಪತಿ "ಮಗು ಯಾರ ಬಳಿ" ಎಂಬುದನ್ನೇ ಚರ್ಚಿಸಿ ಎದ್ದುಹೋಗುತ್ತಾರೆ. "ಮಗುವಿನ ಬಗ್ಗೆ ತೀರ್ಮಾನ ಯಾರದು" ಎಂಬ ಪ್ರಶ್ನೆ ಶಾಲೆ ಬದಲಿಸುವ ದಿನವೋ ಪಾಸ್‌ಪೋರ್ಟ್ ಅರ್ಜಿ ತುಂಬುವ ದಿನವೋ ಎದುರಾಗುತ್ತದೆ. ಅಪ್ರಾಪ್ತರ ಪಾಸ್‌ಪೋರ್ಟ್‌ಗೆ ತಂದೆತಾಯಿ ಇಬ್ಬರ ಒಪ್ಪಿಗೆ ಕೇಳುತ್ತಾರೆ. ಒಬ್ಬರದು ಸಿಗದಿದ್ದರೆ ಕಾರಣ ತಿಳಿಸುವ ಪ್ರತ್ಯೇಕ ಘೋಷಣಾಪತ್ರ ಕೊಡಬೇಕು. ಸುಪರ್ದಿಯ ಆದೇಶದಲ್ಲೇ ಈ ಬಗ್ಗೆ ಒಂದು ಸಾಲಿದ್ದರೆ ಅಲೆದಾಟ ತಪ್ಪುತ್ತದೆ.

ಮಕ್ಕಳ ಅಭಿಪ್ರಾಯ ಕೇಳುತ್ತಾರೆಯೇ? ವಿವೇಚಿಸಿ ಆಯ್ಕೆ ಹೇಳುವಷ್ಟು ಬೆಳೆದ ಮಗುವಿನ ಇಷ್ಟವನ್ನು ಪರಿಗಣಿಸಬಹುದೆಂದು 1890ರ ಕಾಯ್ದೆಯಲ್ಲಿದೆ, ವಯಸ್ಸು ಇಷ್ಟೇ ಎಂದಿಲ್ಲ. ಸಾಮಾನ್ಯವಾಗಿ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆಸಿಕೊಂಡು, ತಂದೆತಾಯಿಯನ್ನು ಹೊರಗೆ ಕೂರಿಸಿ ಮಾತಾಡುತ್ತಾರೆ. ಅನುಭವವಿರುವ ನ್ಯಾಯಾಧೀಶರಿಗೆ ಹೇಳಿಕೊಟ್ಟ ಮಾತು ಬೇಗ ಗೊತ್ತಾಗುತ್ತದೆ. ಏಳು ವರ್ಷದ ಹುಡುಗಿ "ಅವರು ನಮಗೆ ಜೀವನಾಂಶ ಕೊಟ್ಟಿಲ್ಲ" ಎಂದರೆ ಆ ವಾಕ್ಯ ಯಾರದೆಂದು ಕೇಳಬೇಕಾಗಿಲ್ಲ.

ಮಗುವಿನ ಮನಸ್ಸನ್ನು ಮತ್ತೊಬ್ಬರ ವಿರುದ್ಧ ತಿರುಗಿಸುವ ಈ ಚಾಳಿಯ ಬಗ್ಗೆ ಸುಪ್ರೀಂ ಕೋರ್ಟ್ 2017ರ ತೀರ್ಪೊಂದರಲ್ಲಿ ವಿವರವಾಗಿ ಬರೆಯಿತು. ಬಹುಕಾಲ ತಂದೆಯ ಜೊತೆಗಿದ್ದ ಹೆಣ್ಣು ಮಗುವಿನ ಸುಪರ್ದಿಯನ್ನು ಆ ಪ್ರಕರಣದಲ್ಲಿ ತಾಯಿಗೆ ಕೊಟ್ಟಿತು. ಆಮೇಲೆ ಆ ಆರೋಪವೇ ಒಂದು ಆಯುಧವಾಯಿತು. ಮಗು ಬರಲೊಲ್ಲೆ ಎಂದರೆ ಸಾಕು, "ತಲೆ ಕೆಡಿಸಿದ್ದಾರೆ" ಎಂದು ಅರ್ಜಿ. 2024ರಲ್ಲಿ ಅದೇ ಸುಪ್ರೀಂ ಕೋರ್ಟ್, ನಿರ್ದಿಷ್ಟ ನಡವಳಿಕೆಯನ್ನು ಗುರುತಿಸದೆ ಯಾರಿಗೂ ಆತುರದಲ್ಲಿ ಆ ಹಣೆಪಟ್ಟಿ ಅಂಟಿಸಬಾರದು ಎಂದು ಎಚ್ಚರಿಸಬೇಕಾಯಿತು. ಮಗು ಒಬ್ಬರನ್ನು ದೂರ ಇಡುವುದಕ್ಕೆ ಅದರದೇ ಕಾರಣಗಳಿರಬಹುದಲ್ಲವೇ?

ಇನ್ನು ದಾರಿಯ ವಿಷಯ. ಇಬ್ಬರೂ ಒಪ್ಪಿ ಬೇರೆಯಾಗುವ ಮ್ಯೂಚುವಲ್ ಕನ್ಸೆಂಟ್ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಇದೆ. ಒಂದು ವರ್ಷ ಪ್ರತ್ಯೇಕವಾಗಿದ್ದಿರಬೇಕು. ಜಂಟಿ ಅರ್ಜಿ ಹಾಕಿದ ಮೇಲೆ ಆರು ತಿಂಗಳ ಬಳಿಕ, 18 ತಿಂಗಳ ಒಳಗೆ ಮತ್ತೆ ಬಂದು ಅದೇ ಮಾತು ಹೇಳಬೇಕು. ಡಿಕ್ರಿ ಆಗುವ ತನಕ ಯಾರೊಬ್ಬರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಆ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕಿಟ್ಟ ಷರತ್ತುಗಳಲ್ಲಿ ಒಂದು, ಜೀವನಾಂಶ ಮತ್ತು ಮಕ್ಕಳ ಸುಪರ್ದಿ ನಿಜಕ್ಕೂ ಇತ್ಯರ್ಥವಾಗಿರಬೇಕು ಎಂಬುದು. ಇತ್ಯರ್ಥ ಬೇಗ ಆಗಲಿ ಎಂಬ ಅವಸರ ಶುರುವಾಗುವುದು ಇಲ್ಲೇ. ನನ್ನ ಮಟ್ಟಿಗೆ, ನಮ್ಮ ವಿಚ್ಛೇದನ ಪ್ರಕರಣಗಳಲ್ಲಿ ಅತಿ ಹೆಚ್ಚು ತೊಂದರೆಯ ಬೀಜ ಬಿತ್ತುವುದು ಈ ಅವಸರದಲ್ಲಿ ಬರೆದ ರಾಜಿ ಪತ್ರ.

ಅಂಥ ಪತ್ರದ ಒಂದು ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: "ಅಪ್ರಾಪ್ತ ಮಗುವಿನ ಸುಪರ್ದಿ ತಾಯಿಯ ಬಳಿ ಇರತಕ್ಕದ್ದು, ತಂದೆಯು ಪರಸ್ಪರ ಅನುಕೂಲ ನೋಡಿಕೊಂಡು ಮಗುವನ್ನು ಭೇಟಿಯಾಗತಕ್ಕದ್ದು." ಆ ದಿನ ಇಬ್ಬರಿಗೂ ದಣಿವು, ಸಹಿ ಬೀಳುತ್ತದೆ. ಮೊದಲ ಶನಿವಾರ ವಾಟ್ಸಾಪ್‌ನಲ್ಲಿ "ಈ ವಾರ ಟೆಸ್ಟ್ ಇದೆ" ಎಂದು ಬರುತ್ತದೆ. ಮುಂದಿನ ವಾರ ಗೆಳತಿಯ ಬರ್ತ್‌ಡೇ. ಮೂರನೇ ವಾರ ನೆಗಡಿ, ಜ್ವರ. ಮೂರೂ ನಿಜವೇ ಇರಬಹುದು. ನಾಲ್ಕನೇ ವಾರ ತಂದೆ ಈ ತಿಂಗಳ ಹಣ ತಡೆಹಿಡಿಯುತ್ತಾನೆ, ಐದನೇ ವಾರ ವಕೀಲರ ನೋಟಿಸ್. ಯಾರ ಅನುಕೂಲ, ಎಷ್ಟು ಹೊತ್ತು, ಎಲ್ಲಿ ಎಂದು ಪತ್ರದಲ್ಲಿ ಬರೆದಿಲ್ಲವಾದ್ದರಿಂದ ಯಾರು ಉಲ್ಲಂಘಿಸಿದರು ಎಂದು ಹೇಳುವುದು ನ್ಯಾಯಾಲಯಕ್ಕೂ ಕಷ್ಟ.

ಅದರ ಬದಲು ಕೂತು ಬರೆಯಬೇಕಾದದ್ದು ಬೇಸರ ಹುಟ್ಟಿಸುವಷ್ಟು ಸಣ್ಣ ವಿವರಗಳು. ತಿಂಗಳ ಯಾವ ಶನಿವಾರ, ಬೆಳಿಗ್ಗೆ ಎಷ್ಟು ಗಂಟೆಗೆ, ಯಾರು ಕರೆದೊಯ್ಯಬೇಕು, ಎಲ್ಲಿ ತಂದುಬಿಡಬೇಕು. ರಾತ್ರಿ ಅಲ್ಲೇ ಉಳಿಯಬಹುದೇ. ಬೇಸಿಗೆ ರಜೆಯ ಯಾವ ಅರ್ಧ ಯಾರಿಗೆ. ಹಬ್ಬ ಈ ವರ್ಷ ಒಬ್ಬರ ಮನೆ, ಮುಂದಿನ ವರ್ಷ ಇನ್ನೊಬ್ಬರ ಮನೆ. ಮಗುವಿಗೆ ಹುಷಾರಿಲ್ಲದೆ ಭೇಟಿ ತಪ್ಪಿದರೆ ಅದಕ್ಕೆ ಬದಲಿ ದಿನ ಯಾವುದು. ಶಾಲೆಯ ಪೋಷಕರ ಸಭೆಗೆ ಇಬ್ಬರೂ ಬರಬಹುದೇ, ಅಂಕಪಟ್ಟಿ ಇಬ್ಬರಿಗೂ ಹೋಗಬೇಕೇ. ಒಬ್ಬರು ಬೇರೆ ಊರಿಗೆ ಕೆಲಸ ಬದಲಿಸಿದರೆ ಎಷ್ಟು ದಿನ ಮೊದಲು ತಿಳಿಸಬೇಕು. ಫೋನ್ ವಿಷಯವನ್ನೂ ಬರೆಯಬೇಕು. ಭೇಟಿಯ ಹಕ್ಕಿನಷ್ಟೇ ಸಂಪರ್ಕದ ಹಕ್ಕೂ ಮುಖ್ಯ, ದೂರವಿರುವ ಪೋಷಕರಿಗೆ ದಿನಕ್ಕೆ ಐದು ಹತ್ತು ನಿಮಿಷ ಮಗುವಿನ ಜೊತೆ ಮಾತಾಡುವ ಅವಕಾಶ ಇರಬೇಕು ಎಂದು 2020ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಷ್ಟೆಲ್ಲ ಬರೆದರೆ ಪರಸ್ಪರ ನಂಬಿಕೆಯೇ ಇಲ್ಲವೆಂದಾಗುವುದಿಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. ನಂಬಿಕೆ ಇದ್ದರೆ ಆ ಪುಟ ತೆರೆಯದೆಯೇ ದಿನ ಕಳೆಯುತ್ತದೆ, ಬರೆದಿಟ್ಟಿದ್ದರಿಂದ ನಷ್ಟವೇನಿಲ್ಲ.

ಇಂಥ ಪತ್ರ ಬರೆಯಲು ಸರಿಯಾದ ಜಾಗ ಮಧ್ಯಸ್ಥಿಕೆ ಕೇಂದ್ರ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಮೊದಲು ರಾಜಿಗೆ ಪ್ರಯತ್ನಿಸುವ ಹೊಣೆಯನ್ನು ನ್ಯಾಯಾಲಯದ ಮೇಲೆಯೇ ಹೊರಿಸಿದೆ. ಜನ ಇದನ್ನು ಮತ್ತೆ ಒಂದುಗೂಡಿಸುವ ಒತ್ತಾಯವೆಂದು ತಿಳಿದು ಮುಖ ಸಿಂಡರಿಸುತ್ತಾರೆ. ಮದುವೆ ಉಳಿಯದೆ ಹೋದರೂ ಮಗುವಿನ ವೇಳಾಪಟ್ಟಿಯನ್ನು ಅಲ್ಲಿ ಮಾಡಿಕೊಳ್ಳಬಹುದು. ಅಲ್ಲಿ ಆಡಿದ ಮಾತು ಗೋಪ್ಯ, ಪಾಟೀ ಸವಾಲಿನಲ್ಲಿ ಅದನ್ನು ಎತ್ತುವಂತಿಲ್ಲ.

ಹಣದ ವಿಷಯದಲ್ಲಿ ಈಚೆಗೆ ಆದ ಬದಲಾವಣೆಯೊಂದು ಹಲವರನ್ನು ಗೊಂದಲಕ್ಕೆ ಕೆಡವಿದೆ. ಜೀವನಾಂಶಕ್ಕೆ "125 ಹಾಕಿದ್ದೇವೆ" ಎನ್ನುವುದು ಕೋರ್ಟ್ ಆವರಣದ ರೂಢಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್ ಅದು. 2024ರ ಜುಲೈ 1ರಿಂದ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ಅದು 144ನೇ ಸೆಕ್ಷನ್. ಅಂಕಿ ಬದಲಾಗಿದೆ, ತಿರುಳು ಅದೇ: ತಮ್ಮನ್ನು ತಾವು ಸಾಕಿಕೊಳ್ಳಲಾಗದ ಹೆಂಡತಿ, ಮಕ್ಕಳು, ತಂದೆತಾಯಿಗೆ ಮಾಸಿಕ ಮೊತ್ತ. ಮೊತ್ತ ಎಷ್ಟು ಎಂಬ ಜಗ್ಗಾಟಕ್ಕೆ ಒಂದು ಶಿಸ್ತು ತಂದದ್ದು ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪು. ಇಬ್ಬರೂ ಆದಾಯ, ಆಸ್ತಿ, ಸಾಲಗಳ ವಿವರವನ್ನು ಅಫಿಡವಿಟ್‌ನಲ್ಲಿ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕವಾಗಬೇಕು. ಮಕ್ಕಳ ಶಿಕ್ಷಣದ ವೆಚ್ಚ ಸಾಮಾನ್ಯವಾಗಿ ತಂದೆಯದು, ತಾಯಿಗೆ ಸಾಕಷ್ಟು ಗಳಿಕೆ ಇದ್ದರೆ ಆದಾಯಕ್ಕೆ ತಕ್ಕಂತೆ ಇಬ್ಬರೂ ಹಂಚಿಕೊಳ್ಳಬಹುದು. ಕೆಲಸ ಬಿಟ್ಟೆ ಎಂದು ಹೇಳಿ ಸಂಬಳದ ಚೀಟಿ ಮುಚ್ಚಿಡುವ ಗಂಡಸರಿಗೂ, ಗಳಿಕೆ ಇದ್ದೂ ಇಲ್ಲವೆನ್ನುವ ಹೆಂಗಸರಿಗೂ ಆ ಅಫಿಡವಿಟ್ ತಲೆನೋವು. ಸುಳ್ಳು ಬರೆದರೆ ಅದೇ ಒಂದು ಪ್ರತ್ಯೇಕ ಪ್ರಕರಣವಾಗಬಹುದು.

ರಾಜಿಯಲ್ಲಿ ಹೆಂಡತಿ "ನನಗೆ ಏನೂ ಬೇಡ" ಎಂದು ಬರೆದುಕೊಟ್ಟರೆ ಮಗುವಿನ ಪಾಲೂ ಮುಗಿಯಿತೆಂದು ತಿಳಿಯುವ ತಂದೆಯರಿದ್ದಾರೆ. ಪೋಷಣೆ ಪಡೆಯುವುದು ಮಗುವಿನ ಸ್ವಂತ ಹಕ್ಕು, ಅದನ್ನು ತಾಯಿ ಬಿಟ್ಟುಕೊಡಲು ಬರುವುದಿಲ್ಲ. ಹಾಗೆಯೇ ಭೇಟಿಗೂ ಹಣಕ್ಕೂ ಗಂಟು ಹಾಕಲಾಗದು. ಮಗುವನ್ನು ತೋರಿಸಲಿಲ್ಲ ಎಂದು ಫೀಸು ನಿಲ್ಲಿಸುವಂತಿಲ್ಲ, ಫೀಸು ಕಟ್ಟಲಿಲ್ಲ ಎಂದು ಬಾಗಿಲು ಹಾಕುವಂತಿಲ್ಲ. ಎರಡಕ್ಕೂ ಬೇರೆ ಬೇರೆ ಅರ್ಜಿಗಳಿವೆ. ಒಂದಕ್ಕೆ ಇನ್ನೊಂದನ್ನು ಒತ್ತೆ ಇಟ್ಟವರು ನ್ಯಾಯಾಧೀಶರ ಕಣ್ಣಲ್ಲಿ ಸಣ್ಣವರಾಗುತ್ತಾರೆ, ಆ ಅಭಿಪ್ರಾಯ ಸುಪರ್ದಿಯ ಆದೇಶದಲ್ಲೂ ಇಣುಕುತ್ತದೆ.

ಹಾಗಾದರೆ ಮಗುವಿನ ಸಮಯವನ್ನು ಸಮನಾಗಿ ಹಂಚಿದರೆ ಸರಿಹೋಗುವುದೇ? ಜಂಟಿ ಸುಪರ್ದಿಯ ಬೇಡಿಕೆ ಈಗ ಜೋರಾಗಿದೆ, ವಿಶೇಷವಾಗಿ ತಂದೆಯರ ಕಡೆಯಿಂದ. ಕರ್ನಾಟಕ ಹೈಕೋರ್ಟ್ 2013ರಲ್ಲೇ ಇಂಥದೊಂದು ಆದೇಶ ಕೊಟ್ಟಿತ್ತು. ಜನವರಿಯಿಂದ ಜೂನ್ ಕೊನೆಯವರೆಗೆ ಮಗು ತಂದೆಯ ಜೊತೆ, ಜುಲೈನಿಂದ ಡಿಸೆಂಬರ್‌ವರೆಗೆ ತಾಯಿಯ ಜೊತೆ, ಶಿಕ್ಷಣದ ವೆಚ್ಚ ಸಮಪಾಲು. ಭಾರತೀಯ ಕಾನೂನು ಆಯೋಗವೂ 2015ರ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಗೆ ಶಾಸನದಲ್ಲೇ ಜಾಗ ಮಾಡಿಕೊಡಬೇಕೆಂದು ಶಿಫಾರಸು ಮಾಡಿತು. ಹತ್ತು ವರ್ಷ ದಾಟಿದೆ, ಸಂಸತ್ತು ಆ ಕೆಲಸ ಮಾಡಿಲ್ಲ. ಆ ವರದಿಯ ಬಗ್ಗೆ ಜನ ಮರೆಯುವ ಒಂದು ಅಂಶವಿದೆ: ಜಂಟಿ ಸುಪರ್ದಿ ಒಂದು ಆಯ್ಕೆಯಾಗಿರಲಿ ಎಂದು ಆಯೋಗ ಹೇಳಿತೇ ಹೊರತು ಎಲ್ಲ ಮಕ್ಕಳಿಗೂ ಅದೇ ಮೂಲ ನಿಯಮವಾಗಲಿ ಎಂದು ಹೇಳಲಿಲ್ಲ.

ನನಗೂ ಅದೇ ಸರಿಯೆನಿಸುತ್ತದೆ. ಒಂದೇ ಬಡಾವಣೆಯಲ್ಲಿರುವ, ಫೋನಿನಲ್ಲಿ ನೆಟ್ಟಗೆ ಮಾತಾಡಬಲ್ಲ ಇಬ್ಬರಿಗೆ ಅರ್ಧ ಅರ್ಧ ಚೆನ್ನಾಗಿ ನಡೆದೀತು. ನಲವತ್ತು ಕಿಲೋಮೀಟರ್ ದೂರವಿದ್ದು, ಎರಡು ವಾಯಿದೆಗಳ ನಡುವೆ ಮೆಸೇಜಿನಲ್ಲೇ ಕಾದಾಡುವವರ ಮಗು ವಾರಕ್ಕೊಮ್ಮೆ ಬ್ಯಾಗು ಹೊತ್ತು ತಿರುಗಿದರೆ ಯಾರ ಕ್ಷೇಮ ಸಾಧಿಸಿದಂತಾಯಿತು? ಗಂಟೆಗಳನ್ನು ಹಂಚುವುದಕ್ಕಿಂತ ತೀರ್ಮಾನಗಳನ್ನು ಹಂಚಿಕೊಳ್ಳುವುದು ಮುಖ್ಯ. ಮಗು ಒಂದೇ ಮನೆಯಲ್ಲಿದ್ದರೂ ಶಾಲೆ, ಶಸ್ತ್ರಚಿಕಿತ್ಸೆ, ಊರು ಬಿಡುವುದು ಇಂಥವಕ್ಕೆ ಇಬ್ಬರ ಮಾತೂ ಬೇಕು ಎಂದು ಬರೆಯಲು ಇಂದಿನ ಕಾನೂನಿನಲ್ಲೇ ಅಡ್ಡಿಯಿಲ್ಲ.

ಇಷ್ಟು ಹೊತ್ತು ಹೇಳಿದ ಸಹಕಾರದ ಮಾತುಗಳೆಲ್ಲ ಹೊಡೆತ ಬಡಿತ ಇರುವ ಮನೆಗೆ ಅನ್ವಯಿಸುವುದಿಲ್ಲ. ಅಲ್ಲಿ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯ 21ನೇ ಸೆಕ್ಷನ್ ಬೇರೆ ದಾರಿ ತೋರಿಸುತ್ತದೆ. ಮ್ಯಾಜಿಸ್ಟ್ರೇಟರು ತಾತ್ಕಾಲಿಕ ಸುಪರ್ದಿಯನ್ನು ನೊಂದವಳಿಗೆ ಕೊಡಬಹುದು, ಭೇಟಿಯಿಂದ ಮಗುವಿಗೆ ಹಾನಿಯಾಗಬಹುದೆಂದು ಕಂಡರೆ ಭೇಟಿಯನ್ನೇ ನಿರಾಕರಿಸಬಹುದು. ವಕೀಲರ ಫೀಸಿಗೆ ಹಣವಿಲ್ಲವೆಂದು ಸುಮ್ಮನಿರುವ ತಾಯಂದಿರಿಗೆ ತಿಳಿದಿರಬೇಕಾದದ್ದು, ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿಗೆ ಹೆಂಗಸರು ಮತ್ತು ಮಕ್ಕಳ ವಿಷಯದಲ್ಲಿ ಆದಾಯದ ಮಿತಿ ಇಲ್ಲ.

ಜಗಳವಾದ ರಾತ್ರಿಯೇ ಮಗುವನ್ನು ಎತ್ತಿಕೊಂಡು ಬೇರೆ ಊರಿಗೆ ಹೋಗುವುದು, ಶಾಲೆಯಿಂದಲೇ ಕರೆದೊಯ್ದು ವಿಳಾಸ ಹೇಳದಿರುವುದು ಎರಡೂ ಕಡೆಯವರು ಮಾಡುವ ಕೆಲಸ. 1890ರ ಕಾಯ್ದೆಯಂತೆ ಅರ್ಜಿ ಹಾಕಬೇಕಾದದ್ದು ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿ. ಹಾಗಾಗಿ ಎತ್ತಿಕೊಂಡು ಹೋದ ಊರು ಆ "ಸಾಮಾನ್ಯ ವಾಸ" ಆಗುತ್ತದೆಯೇ ಎಂಬ ವಾದದಲ್ಲೇ ತಿಂಗಳುಗಳು ಕಳೆಯುತ್ತವೆ. ವಿದೇಶದಿಂದ ಕರೆತಂದಿದ್ದರೆ ತೊಡಕು ಇನ್ನೂ ಹೆಚ್ಚು. ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಅಲ್ಲಿನ ನ್ಯಾಯಾಲಯದ ಆದೇಶವನ್ನು ಇಲ್ಲಿ ಒಂದು ಅಂಶವಾಗಿ ಮಾತ್ರ ನೋಡುತ್ತಾರೆ, ಕೊನೆಯ ಮಾತು ಮತ್ತೆ ಮಗುವಿನ ಕ್ಷೇಮದ್ದೇ. ಇದನ್ನು ತಮಗೆ ಅನುಕೂಲವೆಂದು ಭಾವಿಸಿ ವಿಮಾನ ಹತ್ತಿದವರಿಗೆ, ಆ ದೇಶಕ್ಕೆ ಮತ್ತೆ ಕಾಲಿಡಲಾಗದ ಸ್ಥಿತಿ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ.

ಆದೇಶ ಕೈಯಲ್ಲಿದ್ದೂ ಎದುರಿನವರು ಪಾಲಿಸದಿದ್ದರೆ? ಜೀವನಾಂಶ ಕೊಡದವರ ವಿರುದ್ಧ ವಾರಂಟ್ ಹೊರಡಿಸಿ, ಬಾಕಿ ಉಳಿದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ಬಾಕಿ ಬಂದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು, ಎಷ್ಟೋ ಜನ ಸೋಲುವುದು ಈ ಗಡುವು ತಪ್ಪಿಸಿಕೊಂಡು. ಭೇಟಿ ತಪ್ಪಿಸುವವರ ವಿರುದ್ಧ ಅದೇ ಕೌಟುಂಬಿಕ ನ್ಯಾಯಾಲಯದಲ್ಲಿ ಜಾರಿ ಅರ್ಜಿ ಹಾಕಬಹುದು, ಪದೇ ಪದೇ ಆದರೆ ಸುಪರ್ದಿಯನ್ನೇ ಬದಲಿಸಿ ಎಂದು ಕೇಳಬಹುದು. ಆಗ ನ್ಯಾಯಾಧೀಶರು ಕೇಳುವ ಮೊದಲ ಪ್ರಶ್ನೆ ದಿನಾಂಕಗಳದ್ದು: ಯಾವ ಶನಿವಾರ ಹೋಗಿದ್ದಿರಿ, ಎಷ್ಟು ಹೊತ್ತು ಕಾದಿರಿ, ಏನು ಉತ್ತರ ಬಂತು. ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡವರ ಬಳಿ, ಗೇಟಿನ ಮುಂದೆ ಕೂಗಾಡದೆ ಹಿಂತಿರುಗಿ ಅದೇ ದಿನ ಎರಡು ಸಾಲು ಬರೆದಿಟ್ಟವರ ಬಳಿ ಉತ್ತರವಿರುತ್ತದೆ.